ಉತ್ತರದ ಗೋಡೆಗೆ ಅಮೃತಬಳ್ಳಿ

ನೆರಳುಗೋಡೆಗೆ ಯಾವ ಬಳ್ಳಿ ಹಬ್ಬಿಸಬೇಕು ಎಂದು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರು ಕೇಳುತ್ತಲೇ ಇರುತ್ತಾರೆ. ನನ್ನ ಉತ್ತರ ಬದಲಾಗಿಲ್ಲ: ಅಮೃತಬಳ್ಳಿ. ಎಲೆ ಉದುರಿಸಿ ಬೋಳಾಗುತ್ತದೆಂದು ಅದನ್ನು ಬೇಲಿಗೇ ಬಿಟ್ಟಿದ್ದೇವೆ. ಗೋಡೆಗೆ ತರಬೇಕೆಂದು ನಾನು ಹಟ ಹಿಡಿದಿರುವುದೂ ಅದೇ ಕಾರಣಕ್ಕೆ.

ಮಂಡ್ಯ ಇರುವುದು 12.5 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಉತ್ತರದ ಗೋಡೆ ಬಿಸಿಲು ಕಾಣುವುದು ಮುಖ್ಯವಾಗಿ ಆಗಲೇ. ಅಮೃತಬಳ್ಳಿ ಚಿಗುರುವುದೂ ಮುಂಗಾರಿಗೆ ಮುಂಚಿನ ಮಳೆ ಬಿದ್ದಾಗ. ಬಿಸಿಲಿನ ದಿನಗಳಲ್ಲಿ ಎಲೆ ಹರಡಿ ಗೋಡೆಗೆ ಮರೆಯಾಗುತ್ತದೆ; ಚಳಿ ಕಳೆದು ಎಲೆ ಉದುರಿದರೆ ಗಾಳಿಯಾಡಿ ತೇವ ಆರುತ್ತದೆ. ನಾಲೆ ಬಯಲಿನ ಮನೆಗಳಿಗೆ ಇದು ಸಣ್ಣ ಉಪಕಾರವಲ್ಲ.

ವರ್ಷವಿಡೀ ಹಸಿರು ಎಂದು ನರ್ಸರಿಗಳಲ್ಲಿ ಮಾರುವ ಕ್ರೀಪಿಂಗ್ ಫಿಗ್ ಜೊತೆ ನನ್ನ ಜಗಳ ಹಳೆಯದು. ಅದು ಬೇರಿನಿಂದಲೇ ಗಾರೆಗೆ ಅಂಟಿಕೊಳ್ಳುತ್ತದೆ, ಗೋಡೆಯನ್ನು ಆರಗೊಡುವುದಿಲ್ಲ, ಕಿತ್ತರೆ ಬಣ್ಣವನ್ನೂ ಎಬ್ಬಿಸಿಕೊಂಡು ಬರುತ್ತದೆ. ಅಮೃತಬಳ್ಳಿ ಅಂಟುವುದಿಲ್ಲ, ಸುತ್ತಿಕೊಳ್ಳುತ್ತದೆ. ಗೋಡೆಯಿಂದ ಒಂದು ಗೇಣು ಬಿಟ್ಟು ತಂತಿ ಎಳೆದುಕೊಟ್ಟರೆ ಸಾಕು. ಕಬ್ಬಿನ ತುಂಡು ನೆಟ್ಟು ಗೊತ್ತಿರುವ ಜಿಲ್ಲೆಗೆ ಬಳ್ಳಿಯ ಕಡ್ಡಿ ನೆಡುವುದನ್ನು ಹೇಳಿಕೊಡಬೇಕಾಗಿಲ್ಲ.

ಬೋಳು ಬಳ್ಳಿಯನ್ನು ಒಣಗಿತೆಂದು ಕಡಿಯಬೇಡಿ. ತೆಳು ಸಿಪ್ಪೆಯನ್ನು ಉಗುರಿನಲ್ಲಿ ಕೆರೆದರೆ ಒಳಗೆ ಹಸಿರು ಕಾಣುತ್ತದೆ. ಅಡ್ಡ ಕುಯ್ದರೆ ಬಂಡಿಚಕ್ರದ ಅರೆಗಳಂಥ ಗೀರು. ಬುಡ ತುಂಡಾದರೂ ಮೇಲಿನ ಬಳ್ಳಿ ಸಣ್ಣ ಬೇರೊಂದನ್ನು ಇಳಿಬಿಟ್ಟು ಮಣ್ಣು ಮುಟ್ಟುತ್ತದೆ.

ತಂತಿಯ ಅಳತೆ, ಗೊಬ್ಬರ ಎಂದೆಲ್ಲ ಬರೆಯಬೇಕೆಂದಿದ್ದೆ. ಅದಕ್ಕಿಂತ ಮುಖ್ಯವಾದದ್ದು ಇದರ ಎಲೆ ತಿನ್ನುವ ಹುಳು. ಮೈಯ ಎರಡೂ ಪಕ್ಕ ಕಣ್ಣಿನಾಕಾರದ ಚುಕ್ಕೆಗಳು. ಮುಟ್ಟಿದರೆ ತಲೆ ಮಡಚಿ, ಹಿಂಭಾಗ ಎತ್ತಿ ನಿಲ್ಲುತ್ತದೆ. ಅದು ಯೂಡೋಸಿಮಾ ಕುಲದ ಪತಂಗದ ಮರಿ. ರೆಕ್ಕೆ ಬಂದ ಮೇಲೆ ನೋಡಬೇಕು, ಹಿಂದಿನ ರೆಕ್ಕೆಯ ಕಿತ್ತಳೆ ಹಳದಿಯ ಮೇಲೆ ಅಚ್ಚ ಕಪ್ಪು ಗುರುತು, ಬಹಳ ಚೆಂದ. ಆದರೆ ಅದರ ಸೊಂಡಿಲು ಗಟ್ಟಿ. ರಾತ್ರಿ ಹೊತ್ತು ಮೂಸಂಬಿ, ದಾಳಿಂಬೆಯ ಸಿಪ್ಪೆಯನ್ನೇ ತೂತು ಮಾಡಿ ರಸ ಹೀರುತ್ತದೆ. ಚುಚ್ಚಿದ ಕಡೆ ಹಣ್ಣು ಕೊಳೆತು ಉದುರುತ್ತದೆ. ಮರಿ ಬೆಳೆಯುವುದು ಬಳ್ಳಿಯ ಮೇಲೆ, ನಷ್ಟ ತೋಟದವರಿಗೆ.

ಆದ್ದರಿಂದ ಪಕ್ಕದಲ್ಲಿ ಮೂಸಂಬಿ, ದಾಳಿಂಬೆ ತೋಟವಿದ್ದರೆ ಅಮೃತಬಳ್ಳಿ ಬೇಡವೇ ಬೇಡ. ಭತ್ತ, ಕಬ್ಬು, ತೆಂಗಿನ ನಡುವೆ ಮನೆಯಿದ್ದವರು ಬಲಿತ ಕಡ್ಡಿಯೊಂದನ್ನು ತಂದು, ಎರಡು ಗೆಣ್ಣು ಮಣ್ಣೊಳಗಿರುವಂತೆ ಈ ಮುಂಗಾರಿಗೇ ನೆಡಿ.