ಹುಲ್ಲುಮಾಡಿನ ಕೆಳಗೆ ಚಿಪ್ಪಿನ ಕೋಣೆ

ಹೊರಗಿನಿಂದ ಅದು ರೈತನ ಗುಡಿಸಲು. ಮೇಲೆ ಹುಲ್ಲುಮಾಡು, ಕೆಳಗೆ ಒರಟು ಗೋಡೆ. ಹೊಸ್ತಿಲು ದಾಟಿದರೆ ಕಣ್ಣು ಕೋರೈಸುತ್ತದೆ: ಗೋಡೆಗಂಬಗಳ ಮೇಲೆ, ಗೂಡುಗಳ ಸುತ್ತ, ಮೇಲಿನ ಗುಮ್ಮಟದವರೆಗೂ ಕಪ್ಪೆಚಿಪ್ಪು, ಮುತ್ತಿನ ಚಿಪ್ಪಿನ ಹೊಳಪು, ಅಮೃತಶಿಲೆಯ ಚೂರು.

ಪ್ಯಾರಿಸ್ಸಿನ ನೈರುತ್ಯಕ್ಕಿರುವ ರಾಂಬುಯೆಯ ಉದ್ಯಾನದಲ್ಲಿ ಇದನ್ನು 1780ರ ಆಸುಪಾಸಿನಲ್ಲಿ ಕಟ್ಟಿಸಿದವನು ಪಾಂತಿಯೆವ್ರ್‌ನ ಡ್ಯೂಕ್. ಕಟ್ಟಿಸಿದ್ದು ಸೊಸೆಗಾಗಿ. ಟ್ಯೂರಿನ್‌ನಲ್ಲಿ 1749ರಲ್ಲಿ ಹುಟ್ಟಿದ ಲಾಂಬಾಲ್ ರಾಜಕುಮಾರಿ 1767ರಲ್ಲಿ ಡ್ಯೂಕನ ಮಗನನ್ನು ಮದುವೆಯಾಗಿ, ಮರುವರ್ಷವೇ, ಹದಿನೆಂಟರ ಹರೆಯದಲ್ಲಿ ವಿಧವೆಯಾದಳು. ತವರಿಗೆ ಮರಳದೆ ಮಾವನ ಬಳಿಯೇ ಉಳಿದಳು.

ಆ ಕಾಲದ ಶ್ರೀಮಂತರ ತೋಟಗಳಲ್ಲಿ ಹಳ್ಳಿಯ ವೇಷ ತೊಟ್ಟ ಕಟ್ಟಡಗಳಿಗೆ ಬರವಿರಲಿಲ್ಲ. ವರ್ಸಾಯ್‌ನಲ್ಲಿ ರಾಣಿ ಮರಿ ಆಂತ್ವನೆತ್ ಒಂದಿಡೀ ಊರನ್ನೇ ಕಟ್ಟಿಸಿದಳು. ಕಲೆಯಾಗಿ ರಾಂಬುಯೆಯ ಗುಡಿಸಲು ಅದಕ್ಕಿಂತ ಒಂದು ಕೈ ಮೇಲು. ಇಲ್ಲಿ ಚಿಪ್ಪುಗಳು ಮನಬಂದಂತೆ ಹರಡಿಕೊಂಡಿಲ್ಲ. ಗ್ರೀಕ್ ಮಾದರಿಯ ಕಂಬಗಳ ಅಳತೆಗೆ ಒಗ್ಗಿವೆ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ವಸ್ತುವಿನಿಂದ ದೇಗುಲದ ಗಾಂಭೀರ್ಯ ತಂದ ಆ ಕುಶಲಕರ್ಮಿಗಳ ತಾಳ್ಮೆಗೆ ಕೈಮುಗಿಯಬೇಕು! ಪಕ್ಕದ ಪುಟ್ಟ ಕೋಣೆಯ ಹೂ-ಹಕ್ಕಿಗಳ ಚಿತ್ರಗಳು ಮುದ್ದಾಗಿವೆ, ಅಷ್ಟೇ. ಚಿಪ್ಪಿನ ಕೋಣೆಯನ್ನು ಕಂಡ ಕಣ್ಣಿಗೆ ಅವು ಸಪ್ಪೆ.

ಆದರೆ ಆ ಮಾಡಿನ ಹುಲ್ಲು ಮನಸ್ಸನ್ನು ಚುಚ್ಚುತ್ತದೆ. ನಿಜವಾದ ಹುಲ್ಲುಮನೆಗಳಲ್ಲಿ ರೊಟ್ಟಿಗೆ ಪರದಾಡುತ್ತಿದ್ದ ನಾಡಿನಲ್ಲಿ ಬಡತನವನ್ನು ಹೀಗೆ ಅಲಂಕಾರವಾಗಿ ಬಳಸಿದ್ದನ್ನು ಕುಸುರಿಯ ಸೊಗಸು ಮರೆಸಲಾರದು. ಈ ಸೊಗಸು, ಈ ಕುರುಡು ಎರಡೂ ಒಂದೇ ಸೂರಿನಡಿ ಇವೆ.

ರಾಜಕುಮಾರಿಯ ಜೀವನಚರಿತ್ರೆಗಳು ಬಹುಮಟ್ಟಿಗೆ 1792ರ ಸೆಪ್ಟೆಂಬರ್ 3ರತ್ತ, ಲಾ ಫೋರ್ಸ್ ಸೆರೆಮನೆಯ ಹೊರಗೆ ಗುಂಪು ಆಕೆಯನ್ನು ಕೊಂದ ದಿನದತ್ತ ಧಾವಿಸುತ್ತವೆ. ಆಕೆ ಬದುಕಿದ ಜಾಗಗಳ ಬಳಿ ತುಸು ನಿಂತರೆ ಬೇರೆಯೇ ಹೆಂಗಸು ಕಾಣುತ್ತಾಳೆ. ರಾಣಿಯ ಪರಿವಾರದ ಮೇಲ್ವಿಚಾರಕಿಯಾಗಿದ್ದವಳಿಗೂ ರಾಂಬುಯೆಯಲ್ಲಿದ್ದದ್ದು ಮಾವ ಕೊಟ್ಟ ನೆರಳು. ಸೇನ್ ನದಿಯ ದಂಡೆಯ ಪಾಸಿಯಲ್ಲಿ ಸ್ವಂತ ಮನೆ ಕೊಂಡದ್ದು 1783ರಲ್ಲಿ.

ಅದೇ ವರ್ಷ, ಬೇಟೆಯ ಹುಚ್ಚಿದ್ದ ರಾಜ 16ನೆಯ ಲೂಯಿಯ ಒತ್ತಾಯಕ್ಕೆ ಮಣಿದು ಡ್ಯೂಕ್ ರಾಂಬುಯೆಯನ್ನು ಮಾರಿದ. ಹೊರಡುವಾಗ ಅಲ್ಲಿ ಹೂಳಿದ್ದ ತನ್ನವರ ಒಂಬತ್ತು ಶವಪೆಟ್ಟಿಗೆಗಳನ್ನು ತೆಗೆಸಿ ದ್ರೆ ಊರಿಗೆ ಒಯ್ದ. ಅವುಗಳಲ್ಲೊಂದು ಸೊಸೆಯ ಗಂಡನದು. ಚಿಪ್ಪಿನ ಗುಡಿಸಲು ರಾಜನ ಪಾಲಾಯಿತು.