ನೀರು ಬಂತಾ?

ಹೋದ ವರ್ಷ ಒಂದು ವಿಚಾರಗೋಷ್ಠಿಯಲ್ಲಿ ಮತ್ತೆ ಅದೇ ತೀರ್ಪು ಕಿವಿಗೆ ಬಿತ್ತು. ಕನ್ನಡದ ಭಾಷಾವಿಜ್ಞಾನಿಗಳು ಧ್ವನಿಮಾ ಎಣಿಸಿದರು, ಆಕೃತಿಮಾ ಬಿಡಿಸಿದರು, ಉಪಭಾಷೆಗಳಿಗೆ ಗಡಿ ಗೀಚಿದರು; ಆಡುವ ಮಾತಿನ ಅರ್ಥ ಸಂದರ್ಭ ಬದಲಾದಂತೆ ಹೇಗೆ ಹೊರಳುತ್ತದೆ ಎಂಬುದು ಅವರಿಗೆ ಬೇಡವಾಗಿತ್ತು; ಆ ವಿದ್ಯೆ ಆಕ್ಸ್‌ಫರ್ಡಿನ ಆಸ್ಟಿನ್, ಗ್ರೈಸ್ ಪುಸ್ತಕಗಳ ಜೊತೆ ಹಡಗು ಹತ್ತಿ ಬರಬೇಕಾಯಿತು. ಸಭೆ ತಲೆದೂಗಿತು. ನಾನೂ ಅರ್ಧ ತೂಗಿದೆ. ಇನ್ನರ್ಧ ತೂಗಲಾಗದೆ ಊರಿಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಊರು ಕೊಡಗಿನ ಭಾಗಮಂಡಲ. ಇಲ್ಲಿ ಅಂಗಡಿ ಜಗಲಿಯಲ್ಲಿ ನಿಂತು ಯಾರಾದರೂ ‘ನೀರು ಬಂತಾ?’ ಎಂದು ಕೇಳಿದರೆ, ಉತ್ತರ ಕೊಡುವವನಿಗೆ ತಿಂಗಳು ಯಾವುದೆಂದು ಗೊತ್ತಿರಬೇಕು. ಮಾರ್ಚಿಯಲ್ಲಾದರೆ ಅದು ನಲ್ಲಿಯ ಮಾತು. ಜುಲೈಯಲ್ಲಾದರೆ ಸಂಗಮದ ಮಾತು: ಕಾವೇರಿಯೂ ಕನ್ನಿಕೆಯೂ ಉಕ್ಕಿ ರಸ್ತೆಗೆ ಹತ್ತಿವೆಯೇ, ನಾಪೋಕ್ಲು ಕಡೆಗೆ ದಾರಿ ಇದೆಯೇ, ಮಡಿಕೇರಿ ಬಸ್ಸು ಬಂದೀತೇ. ಅಕ್ಟೋಬರ್ 17ರ ಆಸುಪಾಸಿನಲ್ಲಾದರೆ 8 ಕಿಲೋಮೀಟರ್ ಮೇಲಿನ ತಲಕಾವೇರಿಯ ಮಾತು. ತುಲಾ ಸಂಕ್ರಮಣದ ಮುಹೂರ್ತಕ್ಕೆ ಕುಂಡಿಕೆಯಲ್ಲಿ ತೀರ್ಥ ಉಕ್ಕಿತೇ ಎಂದು. ಭಕ್ತರು ‘ತೀರ್ಥ ಬಂತಾ’ ಎನ್ನುತ್ತಾರೆ. ರಾತ್ರಿಯಿಡೀ ವಾಹನಗಳ ಗದ್ದಲದಲ್ಲಿ ಚಹಾ ಕಾಯಿಸಿ ಸುಸ್ತಾದ ಅಂಗಡಿಯವರು ‘ನೀರು ಬಂತಾ’ ಎಂದೇ ಕೇಳುತ್ತಾರೆ. ಆ ಒಂದು ಪದದ ವ್ಯತ್ಯಾಸದಲ್ಲಿ ಯಾರು ಯಾತ್ರಿ, ಯಾರು ಊರಿನವರು ಎಂಬುದೂ ತಿಳಿಯುತ್ತದೆ.

ಒಂದು ಮಳೆಗಾಲದ ಬೆಳಗ್ಗೆ ನಾನು ಕಣ್ಣಾರೆ ಕಂಡದ್ದು ಇನ್ನೂ ಸೊಗಸು. ಒಬ್ಬರು ಕೊಡೆ ಕೊಡವಿಕೊಂಡು ಅಂಗಡಿ ಮೆಟ್ಟಿಲು ಹತ್ತಿದರು. ಏನೂ ಕೇಳಲಿಲ್ಲ. ಅಂಗಡಿಯಾತ ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ ‘ಬಂತು’ ಎಂದ. ಅವರು ಕ್ಷಣ ನಿಂತು, ‘ಹಾಗಾದ್ರೆ ಮೇಣದ ಬತ್ತಿ ಎರಡು ಕೊಡಿ’ ಎಂದರು. ಕೇಳದ ಪ್ರಶ್ನೆಗೆ ಉತ್ತರ, ಆ ಉತ್ತರದಿಂದ ಯಾರೂ ಹೇಳದ ತೀರ್ಮಾನ: ಇವತ್ತು ಪೇಟೆಗೆ ಹೋಗುವಂತಿಲ್ಲ, ಸಂಜೆಗೆ ಕರೆಂಟೂ ಇರದು. ಬಾಯಿಬಿಟ್ಟು ಹೇಳದ ಅರ್ಥ ಹೇಗೆ ಹೊರಡುತ್ತದೆ ಎಂಬ ತಮ್ಮ ಸಿದ್ಧಾಂತವನ್ನು ಗ್ರೈಸ್ ಹಾರ್ವರ್ಡ್‌ನಲ್ಲಿ ಮಂಡಿಸಿದ್ದು 1967ರಲ್ಲಿ. ಮೇಣದ ಬತ್ತಿ ಕೇಳಿದವರಿಗೆ ಅದರ ಸುದ್ದಿ ಇನ್ನೂ ಮುಟ್ಟಿಲ್ಲ.

ಇಲ್ಲಿ ಪಂಡಿತರು ಕೂಡಲೇ ಕಾಶ್ಮೀರದ ಆಲಂಕಾರಿಕ ಮಮ್ಮಟನನ್ನು ಎಳೆದು ತರುತ್ತಾರೆಂದು ನನಗೆ ಗೊತ್ತು. ಸೂರ್ಯ ಮುಳುಗಿದ ಎಂಬ ಒಂದೇ ಮಾತು ಕಳ್ಳನಿಗೆ ಒಂದು, ದನ ಕಾಯುವವನಿಗೆ ಇನ್ನೊಂದು, ನಲ್ಲನ ದಾರಿ ನೋಡುವವಳಿಗೆ ಮತ್ತೊಂದು ಎಂದು ಆಲಂಕಾರಿಕರು ಬಿಡಿಸಿಟ್ಟಿದ್ದಾರೆ. ಸರಿ, ಒಪ್ಪಿದೆ. ಆದರೆ ಆ ಉದಾಹರಣೆಯಲ್ಲಿ ಊರಿಲ್ಲ. ಯಾವ ಊರಿನ ಕಳ್ಳ, ಯಾರ ದನ? ನಮ್ಮ ವಿದ್ವತ್ತು ಕಾಶ್ಮೀರದಿಂದ ಜಿಗಿದರೆ ನೇರ ಆಕ್ಸ್‌ಫರ್ಡಿಗೆ. ನಡುವೆ ಕೊಡಗಿನಲ್ಲಿ ಕಾಲಿಡುವುದಿಲ್ಲ. ಗೋಷ್ಠಿಯ ತೀರ್ಪಿನ ಬಗ್ಗೆ ನನ್ನ ಸಿಟ್ಟು ಇದೇ. ಸಂದರ್ಭವನ್ನು ಕುರಿತ ವಿದ್ಯೆ ನಮ್ಮಲ್ಲಿ ಇರಲಿಲ್ಲ ಎನ್ನುವಾಗ ‘ನಮ್ಮಲ್ಲಿ’ ಎಂಬುದಕ್ಕೆ ವಿಶ್ವವಿದ್ಯಾಲಯದ ಕಾಂಪೌಂಡನ್ನೇ ಗಡಿ ಮಾಡಿಕೊಂಡಿದ್ದಾರೆ.

ಕಾಂಪೌಂಡಿನ ಒಳಗೆ ತೀರ್ಪು ಬಹುಮಟ್ಟಿಗೆ ನಿಜ. ನಾನು ಮನೆಯಲ್ಲಿ ಆಡುವುದು ಅರೆಭಾಷೆ, ಗೌಡರ ಕನ್ನಡ. ‘ಅರೆ’ ಎಂಬ ಹೆಸರನ್ನು ಹೊತ್ತು ಹುಟ್ಟಿದ ನುಡಿಗೆ ವ್ಯಾಕರಣ ಉಂಟು ಎಂದು ತೋರಿಸಿಕೊಟ್ಟವರು ಕೋಡಿ ಕುಶಾಲಪ್ಪ ಗೌಡರು. ಅವರ ‘ಗೌಡ ಕನ್ನಡ’ವನ್ನು ಅಣ್ಣಾಮಲೈ ವಿಶ್ವವಿದ್ಯಾಲಯ ಪ್ರಕಟಿಸಿದ್ದು 1970ರಲ್ಲಿ. ಅರೆಭಾಷೆಗೆ ಒಂದು ಅಕಾಡೆಮಿ ಆಗಲು ಅಲ್ಲಿಂದ 40ಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು. ಆ ಪುಸ್ತಕದ ಮುಂದೆ ನಾನು ತಲೆಬಾಗಿಯೇ ನಿಲ್ಲುತ್ತೇನೆ. ‘ನಿಮ್ಮದು ಕೆಟ್ಟ ಕನ್ನಡ’ ಎನ್ನುವವರ ಬಾಯಿ ಮುಚ್ಚಿಸಲು ನಮ್ಮ ತಲೆಮಾರಿಗೆ ಸಿಕ್ಕ ಮೊದಲ ಗಟ್ಟಿ ಕೋಲು ಅದು. ಆದರೆ ಅಣ್ಣಾಮಲೈ ಮಾದರಿಯೊಂದಿತ್ತಲ್ಲ, ದಕ್ಷಿಣದ ಎಷ್ಟೋ ನುಡಿಗಳನ್ನು ಒಂದೇ ಅಚ್ಚಿನಲ್ಲಿ ಹೊಯ್ದದ್ದು, ಆ ಮಾದರಿಯ ಬಗ್ಗೆ ನನಗೆ ಮಮತೆಯಿಲ್ಲ. ಅದರಲ್ಲಿ ಕ್ರಿಯಾಪದಗಳು ರೂಪ ತಾಳುತ್ತವೆ, ಯಾರೂ ಯಾರೊಡನೆಯೂ ಮಾತಾಡುವುದಿಲ್ಲ.

‘ಬಿತ್ತು’ ಎಂಬುದನ್ನೇ ನೋಡಿ. ಆ ಮಾದರಿಯಲ್ಲಿ ಅದು ಭೂತಕಾಲ, ನಪುಂಸಕಲಿಂಗ, ಏಕವಚನ. ತಪ್ಪೇನಿಲ್ಲ. ಮಾರ್ಚಿಯಲ್ಲಿ ಒಬ್ಬ ಕಾಫಿ ಬೆಳೆಗಾರ ಇನ್ನೊಬ್ಬನಿಗೆ ಫೋನ್ ಮಾಡಿ ‘ಎಷ್ಟು ಬಿತ್ತು?’ ಎನ್ನುತ್ತಾನೆ. ಕರ್ತೃಪದದ ಹಂಗೇ ಇಲ್ಲ. ‘ಎಂಬತ್ತು’ ಎಂದು ಉತ್ತರ. ಎಂಬತ್ತು ಸೆಂಟ್, ಅಂದರೆ ಇಂಚಿನ ನೂರು ಪಾಲಿನಲ್ಲಿ 80; ಹೂಮಳೆ ಆಯಿತು, ಈ ವರ್ಷ ಮಾನ ಉಳಿಯಿತು. ‘ಇಪ್ಪತ್ತು’ ಎಂದರೆ ಸ್ಪ್ರಿಂಕ್ಲರ್ ಪೈಪು ಹೊರಗೆ ಎಳೆಯಬೇಕು, ಡೀಸೆಲಿಗೆ ದುಡ್ಡು ಹೊಂದಿಸಬೇಕು. ಅದೇ ‘ಎಷ್ಟು ಬಿತ್ತು’ವನ್ನು ಆಗಸ್ಟಿನಲ್ಲಿ ಕೇಳಿದರೆ ಲೆಕ್ಕ ಸೆಂಟಿನಲ್ಲಲ್ಲ, ಇಂಚಿನಲ್ಲಿ, ದನಿಯೂ ತಗ್ಗುತ್ತದೆ. 2018ರ ಭೂಕುಸಿತ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜಾರಿದ್ದು, ಇವೆರಡರ ನಂತರ ಆ ಪ್ರಶ್ನೆಗೆ ‘ನೀವೆಲ್ಲ ಕ್ಷೇಮವೇ’ ಎಂಬ ಅರ್ಥ ಸೇರಿಕೊಂಡಿದೆ. ಇದು ಯಾವ ವ್ಯಾಕರಣದ ಯಾವ ಅಧ್ಯಾಯಕ್ಕೆ ಸೇರುತ್ತದೆ?

ಕುಶಾಲಪ್ಪ ಗೌಡರದೇ ಇನ್ನೊಂದು ದೊಡ್ಡ ಕೆಲಸ, ಕೊಡಗು ಮತ್ತು ಎರಡೂ ಕನ್ನಡ ಜಿಲ್ಲೆಗಳ ಕ್ರಿ.ಶ. 1000ದಿಂದ 1400ರವರೆಗಿನ ಶಾಸನಗಳನ್ನು ಹಿಡಿದು ಬರೆದ ವ್ಯಾಕರಣ, 1972ರದು. ಶಾಸನದಷ್ಟು ಸಂದರ್ಭಕ್ಕೆ ಅಂಟಿಕೊಂಡ ಬರಹ ಬೇರೆ ಇಲ್ಲ. ಕಲ್ಲು ನೆಟ್ಟ ಜಾಗವೇ ಅದರ ಅರ್ಥದ ಅರ್ಧ ಪಾಲು. ಕೊನೆಯಲ್ಲಿ ಬರುವ ಶಾಪಾಶಯವಂತೂ, ಈ ದತ್ತಿಯನ್ನು ಅಳಿದವನಿಗೆ ಕಾಶಿಯಲ್ಲಿ ಕವಿಲೆ ಕೊಂದ ಪಾಪ ಎನ್ನುವುದು, ಯಾವ ಸುದ್ದಿಯನ್ನೂ ತಿಳಿಸುವುದಿಲ್ಲ. ನುಡಿಯೇ ಅಲ್ಲಿ ಕೆಲಸ ಮಾಡುತ್ತದೆ, ಕಾವಲು ನಿಲ್ಲುತ್ತದೆ. ಮಾತಿನಿಂದ ಕೆಲಸ ಮಾಡುವುದು ಹೇಗೆ ಎಂದು ಆಸ್ಟಿನ್ 1955ರಲ್ಲಿ ಉಪನ್ಯಾಸ ಕೊಟ್ಟಾಗ ಇಂಗ್ಲಿಷರ ಮದುವೆ ಮತ್ತು ಹಡಗಿಗೆ ಹೆಸರಿಡುವುದು ಅವರಿಗೆ ಉದಾಹರಣೆಯಾದವು. ನಮ್ಮಲ್ಲಿ ಹೊಲದ ಬದುವಿನಲ್ಲೇ ಕಲ್ಲು ನಿಂತಿತ್ತು. ವ್ಯಾಕರಣಕ್ಕೆ ಬೇಕಾದದ್ದು ಅದರ ವಿಭಕ್ತಿ ಮಾತ್ರ.

ಇನ್ನು ಭಾಷಾವಿಜ್ಞಾನಿ ಎಮಿನೊ. ಎಡ್ವರ್ಡ್ ಸಪೀರರ ಗರಡಿಯಿಂದ ಬಂದು 1935ರಿಂದ 1938ರವರೆಗೆ ನೀಲಗಿರಿ, ಕೊಡಗು ಸುತ್ತಿ, ಮುಂದೆ ಬರೋ ಅವರೊಡನೆ 1961ರಲ್ಲಿ ದ್ರಾವಿಡ ವ್ಯುತ್ಪತ್ತಿ ಕೋಶ ತಂದವರು. ಕೊಡಗಿನ ಸಭೆಗಳಲ್ಲಿ ಅವರ ಹೆಸರು ದೇವರ ಪಟದಂತೆ ಗೋಡೆ ಮೇಲಿರುತ್ತದೆ. ಹೊರಗಿನ ಸರ್ಟಿಫಿಕೇಟಿಗೆ ನಾವು ಜೊಲ್ಲು ಸುರಿಸುವುದು ಹಳೆಯ ಕಾಯಿಲೆ. ಅದರ ತಪ್ಪು ಎಮಿನೊ ಅವರದಲ್ಲ. ನೀಲಗಿರಿಯ ತೋಡರ ಹಾಡುಗಳ ಅವರ ಬೃಹತ್ ಗ್ರಂಥ (1971) ಓದಿದವರಿಗೆ ಗೊತ್ತು, ಹಾಡು ಯಾವ ಘಟನೆಗೆ ಹುಟ್ಟಿತು ಎಂಬುದಿಲ್ಲದೆ ಅದರ ಒಂದು ಸಾಲೂ ಬಿಡಿಸಿಕೊಳ್ಳದು ಎಂಬುದನ್ನು ಆ ಮನುಷ್ಯ ಅರಿತಿದ್ದರು. ನನ್ನ ದೂರು ಬೇರೆ. ಕೊಡವ ತಕ್ಕಿನ, ಅಂದರೆ ಕೊಡವರ ನುಡಿಯ ವಿಷಯ ಬಂದಾಗ ಪಂಡಿತರೆಲ್ಲ ಕೈಗೆತ್ತಿಕೊಳ್ಳುವುದು ಅವರ 1970ರ ಸ್ವರಗಳ ಲೇಖನವನ್ನು, ನಡುನಾಲಿಗೆಯ ಆ ಎರಡು ವಿಶೇಷ ಸ್ವರಗಳನ್ನು. ಕೊಡವರ ವ್ಯಕ್ತಿನಾಮಗಳ ಬಗ್ಗೆ 1976ರಲ್ಲಿ ಅವರು ಬರೆದದ್ದನ್ನು ಯಾರೂ ಎತ್ತುವುದಿಲ್ಲ. ಕೊಡಗಿನಲ್ಲಿ ಹೊಸಬರನ್ನು ‘ಯಾವ ಮನೆ?’ ಎಂದು ಕೇಳುವುದು ವಿಳಾಸಕ್ಕಲ್ಲ, ಮನೆತನ ತಿಳಿಯಲಿಕ್ಕೆ ಎಂದು ಬಲ್ಲವರಿಗೆ ಆ ಎರಡನೆಯ ಲೇಖನವೇ ಹೆಚ್ಚು ಬೆಲೆಯದು. ತೋಡರಿಗೆ ಸಿಕ್ಕ ಕಿವಿ ನಮಗೆ ಸಿಕ್ಕಿದ್ದರೆ ಎಂಬ ಹೊಟ್ಟೆಕಿಚ್ಚೂ ನನ್ನಲ್ಲಿದೆ, ಮುಚ್ಚಿಡುವುದಿಲ್ಲ.

ಈಗ ನನ್ನವರ ಹೆಸರು ಹೇಳುತ್ತೇನೆ: ನಡಿಕೇರಿಯಂಡ ಚಿಣ್ಣಪ್ಪ. 1875ರಲ್ಲಿ ಹುಟ್ಟಿ 1931ರಲ್ಲಿ ತೀರಿಕೊಂಡ ಪೊಲೀಸ್ ಅಧಿಕಾರಿ. ಕೊಡವರ ಹಾಡು, ಆಚರಣೆಗಳನ್ನು ಸಂಗ್ರಹಿಸಿದ ಅವರ ‘ಪಟ್ಟೋಲೆ ಪಳಮೆ’ ಬಂದದ್ದು 1924ರಲ್ಲಿ, ಕನ್ನಡ ಲಿಪಿಯಲ್ಲಿ. ಅದರ ಹಿಂದಿನ ವರ್ಷವಷ್ಟೇ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ, ಆಗ್ಡನ್ ಮತ್ತು ರಿಚರ್ಡ್ಸ್‌ರ ಪುಸ್ತಕಕ್ಕೆ ಸೇರಿಸಿದ ಬರಹದಲ್ಲಿ, ಮೀನು ಹಿಡಿಯುವ ದ್ವೀಪವಾಸಿಗಳ ಮಾತನ್ನು ಅವರ ದೋಣಿಯಿಂದ ಬೇರ್ಪಡಿಸಿದರೆ ಅದು ಸತ್ತ ಮಾತು ಎಂದಿದ್ದರು. ಸಂದರ್ಭದ ಅರ್ಥವನ್ನು ಕುರಿತ ವಿದ್ಯೆಯ, ಪ್ರಾಗ್ಮ್ಯಾಟಿಕ್ಸ್‌ನ, ಪಾಠದ ಮೊದಲ ದಿನ ಇದನ್ನು ಹೇಳಿಕೊಡುತ್ತಾರೆ. ಅದೇ ಹೊತ್ತಿಗೆ ಕೊಡಗಿನಲ್ಲಿ ಒಬ್ಬರು ಮಾತನ್ನು ದೋಣಿ ಸಮೇತ ದಡಕ್ಕೆ ತಂದಿದ್ದರು ಎಂದು ಯಾವ ದಿನವೂ ಹೇಳಿಕೊಡುವುದಿಲ್ಲ.

ಚಿಣ್ಣಪ್ಪ ಹಾಡುಗಳನ್ನು ಅಕಾರಾದಿಯಾಗಿ ಜೋಡಿಸಲಿಲ್ಲ, ಛಂದಸ್ಸಿನ ಪ್ರಕಾರವೂ ಅಲ್ಲ. ಮದುವೆಯ ಹಾಡು ಮದುವೆಯ ಜೊತೆ, ಸಾವಿನದು ಸಾವಿನ ಜೊತೆ, ಹಬ್ಬದ್ದು ಹಬ್ಬದ ಜೊತೆ. ಪಕ್ಕದಲ್ಲೇ ಆ ಆಚರಣೆಯ ವಿವರ. ಪುಸ್ತಕದ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಹಾಡು, ಜೊತೆಗೆ ಗಾದೆ, ಒಗಟು. ನಾಲ್ವರು ದುಡಿ ಹಿಡಿದು ಹಾಡುವ ಬಾಳೋ ಪಾಟನ್ನು ಮದುವೆ ಮನೆಯಲ್ಲಿ ಕೇಳಿದವರಿಗೆ ಇದರ ಮಹತ್ವ ತಿಳಿಯುತ್ತದೆ. ಇವತ್ತು ಯಾರ ಮನೆಯ ಅಂಗಳವೋ ಆ ಒಕ್ಕದ, ಅಂದರೆ ಮನೆತನದ ಹೆಸರು, ಆ ನಾಡಿನ ಹೆಸರು ಹಾಡಿನೊಳಗೆ ಬಂದು ಕೂರುತ್ತದೆ. ಹಾಡು ಹಳೆಯದು, ಅಂಗಳ ಇವತ್ತಿನದು. ‘ಈ ಮನೆ’ ಎಂದಾಗ ‘ಈ’ ಎಲ್ಲಿಗೆ ಬೆರಳು ಮಾಡುತ್ತದೆ ಎಂಬುದು ಹಾಡುವವರ ಕಾಲು ಎಲ್ಲಿ ಊರಿದೆ ಎಂಬುದರ ಮೇಲೆ ನಿಂತಿದೆ. ಇ-ಕಾರ ಹತ್ತಿರಕ್ಕೆ, ಅ-ಕಾರ ದೂರಕ್ಕೆ, ಹಳಗನ್ನಡದ ಉ-ಕಾರ ನಡುವಿಗೆ ಎಂದು ನಾವು ಕೇಶಿರಾಜನಿಂದ ಕಲಿತೆವು. ಆದರೆ ಹತ್ತಿರವೆಂದರೆ ಯಾರಿಗೆ ಹತ್ತಿರ ಎಂದು ಕೇಳಲು ದುಡಿಯ ಪಕ್ಕದಲ್ಲಿ ಕೂರಬೇಕು. ಚಿಣ್ಣಪ್ಪ ಕೂತರು.

ಪೊಲೀಸಿನವರಾಗಿದ್ದರಿಂದಲೇ ಇದು ಸಾಧ್ಯವಾಯಿತು ಎಂಬುದು ನನ್ನ ಪ್ರೀತಿಯ ಊಹೆ. ಯಾರು, ಯಾವಾಗ, ಎಲ್ಲಿ, ಯಾರ ಎದುರಿಗೆ ಹೇಳಿದರು ಎಂಬುದಿಲ್ಲದ ಹೇಳಿಕೆಗೆ ಠಾಣೆಯಲ್ಲಿ ಬೆಲೆಯಿಲ್ಲ. ಭಾಷಾವಿಜ್ಞಾನ ವಿಭಾಗದಲ್ಲಿ ಅಂಥ ಹೇಳಿಕೆಗೇ ‘ದತ್ತಾಂಶ’ ಎಂದು ಹೆಸರು.

ಅವರು ವಿಶ್ಲೇಷಣೆ ಮಾಡಲಿಲ್ಲ, ಸಂಗ್ರಹಿಸಿದರಷ್ಟೇ ಎಂಬ ಆಕ್ಷೇಪ ನನಗೂ ಗೊತ್ತು. ಹೌದು, ಮಾಡಲಿಲ್ಲ. ಆದರೆ ಯಾವುದನ್ನು ಯಾವುದರ ಪಕ್ಕದಲ್ಲಿ ಇಡಬೇಕು ಎಂಬ ತೀರ್ಮಾನಕ್ಕಿಂತ ದೊಡ್ಡ ವಿಶ್ಲೇಷಣೆ ಇದೆಯೆಂದು ನಾನು ನಂಬುವುದಿಲ್ಲ. ಅರೆಭಾಷೆಯವನಾಗಿ ಕೊಡವ ಪುಸ್ತಕವನ್ನು ಹೀಗೆ ಹೊಗಳುವುದಕ್ಕೆ ನಮ್ಮವರೇ ಕೆಲವರು ಹುಬ್ಬೇರಿಸುತ್ತಾರೆ. ಏರಿಸಲಿ. ನಮ್ಮಲ್ಲೊಬ್ಬ ಚಿಣ್ಣಪ್ಪ ಇದ್ದಿದ್ದರೆ ನಮ್ಮ ಅಜ್ಜಿಯರ ಮಾತು ಇಷ್ಟು ಅನಾಥವಾಗುತ್ತಿರಲಿಲ್ಲ.

ಸಂದರ್ಭ ಕಳಚಿದ ಮಾತಿಗೆ ಬೆಲೆ ತೆರುವವರು ಪಂಡಿತರಲ್ಲ, ನಾವು. ನಾವು ‘ಏನು’ ಅನ್ನುವುದಿಲ್ಲ, ‘ಎಂತ’ ಅನ್ನುತ್ತೇವೆ. ವರ್ಷಗಳ ಹಿಂದೆ ಒಂದು ಬ್ಯಾಂಕಿನಲ್ಲಿ ಬಯಲುಸೀಮೆಯಿಂದ ಹೊಸದಾಗಿ ಬಂದ ಅಧಿಕಾರಿ ನನ್ನ ಅರ್ಜಿ ಬಗ್ಗೆ ಏನೋ ಹೇಳಿದರು. ಸರಿಯಾಗಿ ಕೇಳಿಸದೆ ನಾನು ‘ಎಂತ?’ ಎಂದೆ. ಅವರ ಮುಖ ಕೆಂಪಾಯಿತು. ನನ್ನ ‘ಎಂತ’ದಲ್ಲಿ ಇದ್ದದ್ದು ‘ಇನ್ನೊಮ್ಮೆ ಹೇಳ್ತೀರಾ’ ಎಂಬ ಸಂಕೋಚ. ಅವರಿಗೆ ಕೇಳಿಸಿದ್ದು ‘ಏನಯ್ಯ ನಿಂದು’ ಎಂಬ ಉದ್ಧಟತನ. ಅರ್ಜಿ ಮೂರು ವಾರ ಮೇಜಿನ ಮೇಲೆ ಮಲಗಿತು. ಬ್ರಿಟನ್ನಿನ ಒಂದು ವಿಮಾನ ನಿಲ್ದಾಣದ ಕ್ಯಾಂಟೀನಿನಲ್ಲಿ ಭಾರತ, ಪಾಕಿಸ್ತಾನದ ಹೆಂಗಸರು ‘ಗ್ರೇವಿ’ ಎಂಬ ಒಂದು ಪದವನ್ನು ದನಿ ಇಳಿಸಿ ಹೇಳಿ ಒರಟರೆನಿಸಿಕೊಂಡ ಕಥೆಯನ್ನು ಭಾಷಾವಿಜ್ಞಾನಿ ಗಂಪರ್ಜ್ 1982ರಲ್ಲಿ ಬರೆದು ಜಗತ್ಪ್ರಸಿದ್ಧರಾದರು. ನನ್ನ ‘ಎಂತ’ಕ್ಕೆ ಗಂಪರ್ಜ್ ಸಿಗಲಿಲ್ಲ. ಸೋಜಿಗವೆಂದರೆ ಭಾಷೆಗಳ ಬೆರಕೆಯ ಅಧ್ಯಯನದಿಂದ ಆ ಗಂಪರ್ಜ್‌ಗೇ ಹೆಸರು ತಂದ ಕುಪ್ವಾಡ ನಮ್ಮ ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಊರು, ಕನ್ನಡ ಆಡುವವರು ತುಂಬಿದ ಊರು. ಪರದೇಶದವರಿಗೆ ಪಾಠವಾದ ನಮ್ಮ ಊರುಗಳು ನಮಗೆ ಇನ್ನೂ ಬರಿಯ ‘ಗಡಿ ಸಮಸ್ಯೆ’.

ಇದು ಭಾಷಾವಿಜ್ಞಾನದ ಜಗಳವಾಗಿ ಉಳಿದಿಲ್ಲ ಎಂದು ನನಗೆ ಗೊತ್ತಾಗುತ್ತಿದೆ. ಇರಲಿ. ನಮ್ಮ ರುಚಿಯೇ ಕೆಟ್ಟಿದೆ. ಪಠ್ಯಪುಸ್ತಕದಲ್ಲಿ ಎಲ್ಲ ಊರಿನ ಅಜ್ಜಿಯರೂ ಮೈಸೂರಿನ ಅಜ್ಜಿಯಂತೆ ಮಾತಾಡುತ್ತಾರೆ. ಸಿನಿಮಾದಲ್ಲಿ ಕರಾವಳಿಯ, ಕೊಡಗಿನ ಮಾತು ಬಂದರೆ ನಗಿಸಲಿಕ್ಕೆ ಬಂತೆಂದೇ ಲೆಕ್ಕ. ಯಾರು ಯಾರಿಗೆ ಯಾಕೆ ಹೇಳಿದ್ದು ಎಂಬುದನ್ನು ಕತ್ತರಿಸಿದ ವಚನಗಳು ಬೆಳಗಾದರೆ ಹೂವಿನ ಚಿತ್ರದ ಮೇಲೆ ಕೂತು ವಾಟ್ಸಾಪಿಗೆ ಬರುತ್ತವೆ. ಒಬ್ಬ ಜಂಗಮನನ್ನು ಹಂಗಿಸಿದ ಮಾತು ಶುಭೋದಯವಾಗಿದೆ. ಎ.ಕೆ. ರಾಮಾನುಜನ್ 1963ರಲ್ಲಿ ಕನ್ನಡಕ್ಕೊಂದು ಉತ್ಪಾದಕ ವ್ಯಾಕರಣ ಬರೆದು ಪದವಿ ಪಡೆದರು. ಸಂದರ್ಭ ಬಿಟ್ಟು ಯೋಚಿಸುವುದು ನಮ್ಮ ಜಾಯಮಾನವಲ್ಲ ಎಂಬ ಅವರ ಪ್ರಸಿದ್ಧ ಪ್ರಬಂಧ ಬಂದದ್ದು 1989ರಲ್ಲಿ. ಅವರು ನಮ್ಮ ಬಗ್ಗೆ ಸ್ವಲ್ಪ ಹೆಚ್ಚೇ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದ್ದರು.

ಭಾಗಮಂಡಲದಲ್ಲಿ ಈಗ ಮೇಲ್ಸೇತುವೆ ಆಗಿದೆ. ಸಂಗಮ ತುಂಬಿದರೂ ಬಸ್ಸು ಮೇಲಿಂದ ಹೋಗುತ್ತದೆ. ಹೋದ ಜುಲೈಯಲ್ಲಿ ಅದೇ ಅಂಗಡಿ ಜಗಲಿಯಲ್ಲಿದ್ದೆ. ಮೋಟಾರ್ ಸೈಕಲ್ ನಿಲ್ಲಿಸಿ, ಒದ್ದೆ ಹೆಲ್ಮೆಟ್ ತೆಗೆದ ಹುಡುಗನೊಬ್ಬ ‘ಅಣ್ಣ, ನೀರು ಬಂತಾ?’ ಎಂದು ಕೇಳಿದ. ಅಂಗಡಿಯಾತ ಅಭ್ಯಾಸಬಲದಿಂದ ದಾರಿಯೆಲ್ಲ ವಿವರಿಸತೊಡಗಿದ: ಕೆಳಗೆ ಬೇಡ, ಸೇತುವೆ ಹಿಡಿಯಿರಿ, ಮಡಿಕೇರಿಗೆ ತೊಂದರೆಯಿಲ್ಲ. ಹುಡುಗ ಜೇಬಿನಿಂದ ಮೊಬೈಲ್ ತೆಗೆದು ಅಂಗಿಯಲ್ಲಿ ಒರೆಸಿಕೊಂಡ. ‘ದಾರಿ ಅಲ್ಲಣ್ಣ, ದೇವಸ್ಥಾನದ ಮೆಟ್ಟಿಲವರೆಗೆ ಬಂದಿದ್ಯಾ? ರೀಲ್ಸ್ ಮಾಡ್ಬೇಕಿತ್ತು.’ ಅಂಗಡಿಯಾತ ನನ್ನ ಮುಖ ನೋಡಿ, ಹುಡುಗನ ಮುಖ ನೋಡಿ, ‘ಮಧ್ಯಾಹ್ನಕ್ಕೆ ಬರ್ತದೆ, ಚಹಾ ಕುಡ್ದು ಕೂತ್ಕೊಳ್ಳಿ’ ಎಂದ.