‘ಮತದಾನ’ ಶಬ್ದವೂ ಕನ್ನಡನಾಡಿನ ಸ್ತ್ರೀಯರ ಮತಾಧಿಕಾರವೂ

ಮೈಸೂರು ಸಂಸ್ಥಾನದ ಸ್ತ್ರೀಯರಿಗೆ ೧೯೨೩ರಲ್ಲಿ ಮತಾಧಿಕಾರವನ್ನು ‘ದಯಪಾಲಿಸಲಾಯಿತು’ ಎಂದು ಬರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಈ ವಾಕ್ಯವು ಸುಳ್ಳಲ್ಲ. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಏರ್ಪಟ್ಟ ಪ್ರಜಾಪ್ರತಿನಿಧಿ ಸಭೆಗೂ, ೧೯೦೭ರಲ್ಲಿ ಹುಟ್ಟಿದ ನ್ಯಾಯವಿಧಾಯಕ ಸಭೆಗೂ ೧೯೨೩ರಲ್ಲಿ ಹೊಸ ಶಾಸನಗಳಾದುವು. ಸರ್ ಬ್ರಜೇಂದ್ರನಾಥ ಶೀಲರ ಅಧ್ಯಕ್ಷತೆಯ ಸಮಿತಿಯು ಅದಕ್ಕೆ ತಳಹದಿಯನ್ನು ಹಾಕಿತ್ತು. ಸ್ತ್ರೀ ಎಂಬ ಕಾರಣದಿಂದ ಮಾತ್ರ ಮತವನ್ನು ನಿರಾಕರಿಸುವ ಪದ್ಧತಿಯು ಆಗ ನಿಂತಿತು. ಇಷ್ಟು ನಿರ್ವಿವಾದ. ವಿವಾದವಿರುವುದು ಆ ಕ್ರಿಯಾಪದದಲ್ಲಿ. ಕೊಟ್ಟವರು ಕೊಟ್ಟದ್ದಾದರೂ ಏನು, ಅದನ್ನು ಕೈಯಲ್ಲಿ ಹಿಡಿಯಬಲ್ಲ ಸ್ಥಿತಿಯಲ್ಲಿ ಎಷ್ಟು ಮಂದಿ ಇದ್ದರು ಎಂಬುದನ್ನು ವಿಚಾರಿಸದೆ ಕೊಟ್ಟ ಕೈಯನ್ನು ಮಾತ್ರ ಹೊಗಳುವುದು ಪ್ರಶಸ್ತಿಕಾರನ ಕೆಲಸವಾದೀತೇ ಹೊರತು ಚರಿತ್ರಕಾರನದಲ್ಲ.

ಮೊದಲು ಕಾಲಕ್ರಮವನ್ನು ಸರಿಪಡಿಸಿಕೊಳ್ಳಬೇಕು. ಸರೋಜಿನಿ ನಾಯಿಡು ಅವರ ಮುಂದಾಳುತನದಲ್ಲಿ ಸ್ತ್ರೀಯರ ನಿಯೋಗವೊಂದು ೧೯೧೭ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಮಾಂಟೆಗು ಅವರನ್ನು ಕಂಡು ಮತವನ್ನು ಕೇಳಿತು. ಸೌತ್‌ಬರೋ ಸಮಿತಿಯು ಕೊಡಲೊಲ್ಲೆನೆಂದಿತು. ಕಡೆಗೆ ಆಯಾ ಪ್ರಾಂತದ ಸಭೆಗಳೇ ತೀರ್ಮಾನಿಸಬಹುದೆಂದು ಆದಮೇಲೆ, ೧೯೨೧ರಲ್ಲಿ ಮದರಾಸೂ ಮುಂಬಯಿಯೂ ಒಪ್ಪಿದುವು. ಆದುದರಿಂದ ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ (ಕಾಸರಗೋಡೂ ಆಗ ಅದರಲ್ಲಿಯೇ ಇದ್ದಿತು) ಮತ್ತು ಬಳ್ಳಾರಿಯ ಸ್ತ್ರೀಯರೂ, ಮುಂಬಯಿಗೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರಗಳ ಸ್ತ್ರೀಯರೂ ಮೈಸೂರಿನವರಿಗಿಂತ ಎರಡು ವರ್ಷ ಮೊದಲೇ ಮತಕ್ಕೆ ಅರ್ಹರಾದರು. ಕನ್ನಡನಾಡೆಂದರೆ ಮೈಸೂರೆಂದು ಎಣಿಸುವ ಹಳೆಯ ಚಾಳಿಯಿಂದಲೇ ‘ಮೈಸೂರೇ ಮೊದಲು’ ಎಂಬ ಮಾತು ಹುಟ್ಟಿದೆ. ರಾಯಚೂರು, ಕಲಬುರ್ಗಿ, ಬೀದರಗಳ ಮಾತನ್ನು ಎತ್ತುವುದೇ ಬೇಡ. ನಿಜಾಮರ ರಾಜ್ಯದಲ್ಲಿ ಆಗ ಸಾಮಾನ್ಯ ಪುರುಷನಿಗೂ ಇಂತಹ ಅಧಿಕಾರವಿರಲಿಲ್ಲ.

ಇನ್ನು ಶಬ್ದವಿಚಾರ. ‘ಮತದಾನ’ ಎಂಬುದು ಷಷ್ಠೀತತ್ಪುರುಷ. ಮತದ ದಾನವೆಂದು ವಿಗ್ರಹ. ದಾನವೆಂದರೇನೆಂಬುದನ್ನು ಧರ್ಮಶಾಸ್ತ್ರಜ್ಞರು ಬಹಳ ಎಚ್ಚರಿಕೆಯಿಂದ ಹೇಳಿರುವರು: ತನ್ನ ಸ್ವತ್ವವನ್ನು ತೊರೆದು ಪರರ ಸ್ವತ್ವವನ್ನು ಉಂಟುಮಾಡುವುದು ದಾನ. ಸ್ವತ್ವವಿಲ್ಲದವನ ದಾನವು ದಾನವೇ ಅಲ್ಲ. ಮತವನ್ನು ಕೊಟ್ಟವನಿಗೆ ಅದರ ಮೇಲಣ ಸ್ವತ್ವವು ಮುಂದಿನ ಚುನಾವಣೆಗೂ ಉಳಿದಿರುವುದರಿಂದ ಈ ಸಮಾಸವು ಶಾಸ್ತ್ರದ ಪರೀಕ್ಷೆಯಲ್ಲಿ ಕುಂಟುತ್ತದೆ. ‘ಓಟು ಹಾಕುವುದು’ ಎಂಬ ಹಳ್ಳಿಯ ಮಾತೇ ಎಷ್ಟೋ ನಿರ್ದುಷ್ಟ. ಹೇಗೂ ಇರಲಿ, ಸ್ವತ್ವವಿಲ್ಲದೆ ದಾನವಿಲ್ಲವೆಂಬ ಅಂಶವು ನಮ್ಮ ಚರಿತ್ರೆಗೆ ಆಶ್ಚರ್ಯಕರವಾಗಿ ಹೊಂದುತ್ತದೆ. ಏಕೆಂದರೆ ಅಂದಿನ ಮತವು ಕಂದಾಯ, ತೆರಿಗೆ, ಪದವಿ ಮುಂತಾದ ಅರ್ಹತೆಗಳಿಗೆ ಕಟ್ಟುಬಿದ್ದಿದ್ದಿತು. ಸ್ತ್ರೀ ಎಂಬ ಅಡ್ಡಿ ಹೋಯಿತು. ಸ್ವತ್ತಿಲ್ಲವೆಂಬ ಅಡ್ಡಿ ಉಳಿಯಿತು. ಪಹಣಿಯಲ್ಲಿ ಹೆಸರಿಲ್ಲದವಳ ಹೆಸರು ಮತದಾರರ ಪಟ್ಟಿಗೆ ಬರುವುದು ಹೇಗೆ?

ಹೆಸರು ಏಕಿರಲಿಲ್ಲವೆಂದರೆ, ‘ಶಾಸ್ತ್ರವೇ ಕೊಡಲಿಲ್ಲ’ ಎಂಬ ಉತ್ತರ ಥಟ್ಟನೆ ಬರುವುದು. ಈ ಉತ್ತರವನ್ನು ನಾನು ಒಪ್ಪಲಾರೆ. ಹಿಂದೂ ದಾಯಭಾಗಕ್ಕೆ ಬಂಗಾಳದ ಹೊರಗೆ ಬಹುಭಾಗ ಪ್ರಮಾಣವಾದ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕನ್ನಡನೆಲದವನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಇದ್ದವನು. ಯಾಜ್ಞವಲ್ಕ್ಯನು ಸ್ತ್ರೀಧನವನ್ನು ಎಣಿಸಿ ಕೊನೆಗೆ ಇಟ್ಟಿರುವ ‘ಆದಿ’ ಎಂಬ ಅರ್ಥದ ಪದವೊಂದನ್ನು ಹಿಡಿದು, ದಾಯವಾಗಿ ಬಂದುದು, ಕ್ರಯಕ್ಕೆ ಕೊಂಡುದು, ವಿಭಾಗದಲ್ಲಿ ದೊರೆತುದು, ಇವೆಲ್ಲವೂ ಸ್ತ್ರೀಧನವೇ ಎಂದು ಅವನು ವ್ಯಾಖ್ಯಾನಿಸಿದನು. ಸ್ತ್ರೀಧನವೆಂಬುದು ಯೌಗಿಕಶಬ್ದ, ಪಾರಿಭಾಷಿಕವಲ್ಲ ಎಂಬುದು ಅವನ ನಿಲುವು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಈ ವಿಶಾಲವ್ಯಾಖ್ಯಾನವನ್ನು ಬದಿಗಿಟ್ಟು, ಗಂಡನಿಂದ ದಾಯವಾಗಿ ಬಂದ ಸ್ವತ್ತಿನಲ್ಲಿ ವಿಧವೆಗೆ ಸೀಮಿತವಾದ ಹಕ್ಕು ಮಾತ್ರವೆಂದು ತೀರ್ಮಾನಿಸಿತು. ಹೀಗೆ ಕಲ್ಯಾಣದ ಪಂಡಿತನು ತೆರೆದ ಬಾಗಿಲನ್ನು ಲಂಡನ್ನಿನ ನ್ಯಾಯಮೂರ್ತಿಗಳು ಮುಚ್ಚಿದರು. ಮುಚ್ಚಿದ ಬಾಗಿಲನ್ನು ಶಾಸ್ತ್ರದ ಬಾಗಿಲೆಂದು ನಮ್ಮವರು ನಂಬಿದರು. ಮೈಸೂರಿನ ೧೯೩೩ರ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವು ವಿಭಾಗಕಾಲದಲ್ಲಿ ತಾಯಿ, ವಿಧವೆ, ಅವಿವಾಹಿತ ಪುತ್ರಿ ಮೊದಲಾದವರಿಗೆ ಪಾಲನ್ನು ವಿಧಿಸಿ, ಸ್ತ್ರೀಧನದ ಮೇರೆಯನ್ನೂ ಹಿಗ್ಗಿಸಿತು. ನನ್ನ ಮತದಲ್ಲಿ ಸಂಸ್ಥಾನದ ಸ್ತ್ರೀಮತಾಧಿಕಾರದ ಇತಿಹಾಸದಲ್ಲಿ ೧೯೨೩ಕ್ಕಿಂತ ೧೯೩೩ ಕಡಮೆಯ ವರ್ಷವಲ್ಲ. ಆದರೆ ಎರಡನ್ನೂ ಜೊತೆಗಿಟ್ಟು ಓದುವವರು ವಿರಳ.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಅತಿಯೂ ಇದೆ. ಹತ್ತನೆಯ ಶತಮಾನದ ಆದಿಯಲ್ಲಿ ನಾಗರಖಂಡದ ನಾಳ್ಗಾವುಂಡಿಕೆಯನ್ನು ಗಂಡನ ಮರಣಾನಂತರ ವಹಿಸಿದ ಜಕ್ಕಿಯಬ್ಬೆ, ಕಿಸುಕಾಡನ್ನು ಆಳಿದ ಅಕ್ಕಾದೇವಿ, ಇವರನ್ನು ತೋರಿಸಿ ‘ನಮ್ಮ ಸ್ತ್ರೀಯರಿಗೆ ಅಧಿಕಾರವು ಹೊಸತಲ್ಲ’ ಎನ್ನುವವರು ಉಂಟು. ಶಾಸನಗಳು ಸತ್ಯವೇ. ಆದರೆ ಆಳುವ ಮನೆತನದವಳ ಅಧಿಕಾರ ಬೇರೆ, ಗದ್ದೆಯಲ್ಲಿ ನಾಟಿ ಹಾಕುವವಳ ಮತ ಬೇರೆ. ಒಂದರಿಂದ ಇನ್ನೊಂದನ್ನು ಸಾಧಿಸುವ ಹೇತುವು ಹೇತ್ವಾಭಾಸ.

ಸಾಹಿತ್ಯದ ಅಧ್ಯಾಪಕರಿಗೆ ಒಂದು ಮಾತು. ನಂಜನಗೂಡಿನ ತಿರುಮಲಾಂಬ (೧೮೮೭–೧೯೮೨) ಅವರ ಕಾದಂಬರಿಗಳಲ್ಲಿ ಪಾತಿವ್ರತ್ಯದ ಬೋಧೆ ಹೆಚ್ಚು, ಹಕ್ಕಿನ ಸೊಲ್ಲು ಕಡಮೆ ಎಂದು ಆಕ್ಷೇಪಿಸುವುದುಂಟು. ಕಥೆಯನ್ನು ಮಾತ್ರ ಓದಿದರೆ ಆಕ್ಷೇಪಣೆಯು ಸಾಧುವಾಗಿಯೇ ತೋರೀತು. ಬಾಲ್ಯದಲ್ಲಿಯೇ ವೈಧವ್ಯವನ್ನು ಪಡೆದ ಆಕೆ ೧೯೧೩ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ಮುಂದೆ ಪತ್ರಿಕೆಯನ್ನೂ ನಡೆಸಿದರು. ನ್ಯಾಯಾಲಯವು ವಿಧವೆಗೆ ಸೀಮಿತ ಹಕ್ಕನ್ನು ಮಾತ್ರ ಒಪ್ಪುತ್ತಿದ್ದ ದಿನಗಳಲ್ಲಿ ಗ್ರಂಥಮಾಲೆಯೊಂದರ ಒಡೆತನವು ವಿಧವೆಯೊಬ್ಬಳದಾಗಿದ್ದಿತು. ಪುಸ್ತಕದ ಒಳಗಿನ ಬೋಧೆಯೂ ಅದರ ಮುಖಪುಟದ ಸ್ವತ್ವವೂ ಒಂದಕ್ಕೊಂದು ಎದುರುನಿಂತಿರುವ ಈ ಸ್ಥಿತಿಯನ್ನು ತರಗತಿಯಲ್ಲಿ ಎತ್ತಿ ತೋರದೆ, ಆಕೆಯನ್ನು ‘ಪ್ರಥಮ ಲೇಖಕಿಯರಲ್ಲೊಬ್ಬರು’ ಎಂದು ಮುಗಿಸಿಬಿಡುವುದು ಅನ್ಯಾಯ. ೧೯೨೧ರಿಂದ ಬೆಂಗಳೂರಿನಲ್ಲಿ ‘ಸರಸ್ವತಿ’ ಪತ್ರಿಕೆಯನ್ನು ನಡೆಸಿದ ಆರ್. ಕಲ್ಯಾಣಮ್ಮನವರ ವಿಷಯವೂ ಹೀಗೆಯೇ ವಿಚಾರಾರ್ಹ.

ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ೧೯೨೬ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪಾಂತರದಲ್ಲಿ ಸೋತರು. ಮುಂದೆ ೧೯೩೫ರ ಕಾಯಿದೆಯು ಬ್ರಿಟಿಷ್ ಪ್ರಾಂತಗಳಲ್ಲಿ ಸ್ವತ್ತಿನ ಅರ್ಹತೆಯುಳ್ಳವನ ಪತ್ನಿಗೆ ಪತ್ನೀತ್ವದಿಂದಲೇ ಮತವನ್ನು ಕೊಟ್ಟಿತು. ಸಂಖ್ಯೆ ಹೆಚ್ಚಿತು ನಿಜ. ಆದರೆ ಗಂಡನ ಸ್ವತ್ತಿನ ನೆರಳಾಗಿ ಬರುವ ಮತವು ತಮಗೆ ಬೇಡ, ವಯಸ್ಕರೆಲ್ಲರ ಮತವೇ ಬೇಕು ಎಂದು ಸ್ತ್ರೀಸಂಘಗಳು ಅದಕ್ಕೆ ಮೊದಲೇ ಸಾರಿದ್ದುವು. ಅವರ ಶಂಕೆ ಎಷ್ಟು ದೂರದೃಷ್ಟಿಯದೆಂಬುದು ಸಂವಿಧಾನವು ವಯಸ್ಕ ಮತಾಧಿಕಾರವನ್ನು ವಿಧಿಸಿದಮೇಲೆ, ೧೯೫೧–೫೨ರ ಪ್ರಥಮ ಮಹಾಚುನಾವಣೆಯ ಪಟ್ಟಿಯಲ್ಲಿ ಕಂಡಿತು. ಅಪರಿಚಿತರಿಗೆ ತಮ್ಮ ಹೆಸರನ್ನು ಹೇಳದೆ ‘ಇಂತಹವನ ಹೆಂಡತಿ’, ‘ಇಂತಹವನ ಮಗಳು’ ಎಂದು ಬರೆಯಿಸಿದ್ದ ಸುಮಾರು ೨೮ ಲಕ್ಷ ಸ್ತ್ರೀಯರ ನಮೂದುಗಳನ್ನು, ಬಹುಪಾಲು ಉತ್ತರದ ಪ್ರಾಂತಗಳಲ್ಲಿ, ತೆಗೆದುಹಾಕಬೇಕಾಯಿತು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಹೆಸರಿಲ್ಲದವರನ್ನು ಸೇರಿಸಲಾಗದೆಂದು ದೃಢವಾಗಿದ್ದರು. ಅವರ ನಿರ್ಣಯವನ್ನು ಕಠಿನವೆನ್ನುವವರಿದ್ದಾರೆ. ನನಗೆ ಅದು ಸರಿಯೆಂದೇ ತೋರುತ್ತದೆ. ಷಷ್ಠೀ ವಿಭಕ್ತಿಯಲ್ಲಿ ನಿಂತವನು ಮತದಾರನ ಸಂಬಂಧಿಯಾದಾನೇ ಹೊರತು ಅವನಿಂದ ಮತದಾರಳ ಗುರುತು ಆಗದು. ಕರ್ತೃವಿಗೆ ಪ್ರಥಮಾ ವಿಭಕ್ತಿಯೇ ಬೇಕು.

ಈಗ ಸ್ವತ್ತಿನ ಪ್ರಶ್ನೆಯು ತಲೆಕೆಳಗಾಗಿದೆ. ೧೯೫೦ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಒಂದು ಕ್ಷೇತ್ರದಲ್ಲಿ ಮನೆಯ ಒಡೆತನವಿದೆಯೆಂಬ ಕಾರಣದಿಂದ ಮಾತ್ರ ಯಾರೂ ಅಲ್ಲಿಯ ಮತದಾರರಾಗಲಾರರು. ಸಾಮಾನ್ಯವಾಗಿ ಅಲ್ಲಿ ವಾಸವಾಗಿರಬೇಕು. ಸ್ವತ್ವದ ಸ್ಥಾನದಲ್ಲಿ ವಾಸವು ಬಂದು ಕುಳಿತಿದೆ. ತುಮಕೂರು ರಸ್ತೆಯ ನಮ್ಮ ಮಾಕಳಿಯಲ್ಲಿ ನಿಂತು ನೋಡಿದರೆ ಈ ಬದಲಾವಣೆಯ ತಿರುಳು ಗೊತ್ತಾಗುವುದು. ಪೀಣ್ಯದ ಕಡೆಯ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಬೆಳಗ್ಗೆ ಬಸ್ಸು ಹತ್ತುವ ಹೆಣ್ಣುಮಕ್ಕಳಲ್ಲಿ ಅನೇಕರು ಬಾಡಿಗೆಯ ಕೋಣೆಗಳಲ್ಲಿ ಇರುವವರು. ಅವರ ಹೆಸರು ಪ್ರಥಮಾ ವಿಭಕ್ತಿಯಲ್ಲಿಯೇ ಇದೆ, ಆದರೆ ದೂರದ ತಮ್ಮ ಊರಿನ ಪಟ್ಟಿಯಲ್ಲಿ. ಇಲ್ಲಿಯ ಪಟ್ಟಿಗೆ ಬರಬೇಕಾದರೆ ಸಾಮಾನ್ಯವಾಗಿ ವಾಸದ ಆಧಾರಪತ್ರವನ್ನು ಕೇಳುತ್ತಾರೆ; ಬಾಡಿಗೆಯ ಕರಾರು ಬಾಯಿಮಾತಿನಲ್ಲಿರುವಾಗ ಆ ಪತ್ರಕ್ಕಾಗಿ ಮನೆಯೊಡೆಯನನ್ನು ಕೇಳಬೇಕಾಗಿ ಬರಬಹುದು.